ಹಾಲುಗಂಬಕ್ಕೆ ಕಟ್ಟಿದ ಪೈಪು

ಪಿವಿಸಿ ಪೈಪು ಅಂಟಿಸುವ ಸಲ್ಯೂಷನ್ ಡಬ್ಬಿಯ ಮುಚ್ಚಳ ತೆಗೆದರೆ ಒಂದು ವಾಸನೆ ಬರುತ್ತದೆ. ಒಂದು ಕ್ಷಣ ಸಿಹಿ ಅನ್ನಿಸಿ, ಆಮೇಲೆ ನೆತ್ತಿಗೆ ಹತ್ತುತ್ತದೆ. ನನ್ನ ಕಸುಬಿನಲ್ಲಿ ದಿನವೂ ಮೂಸುವ ವಾಸನೆಯೇ ಅದು. ಆದರೆ ಮೊನ್ನೆ ಅರಸೀಕೆರೆಯ ಆ ಹಳೆಯ ಕಲ್ಯಾಣ ಮಂಟಪದ ಹೊರಗೋಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಡಬ್ಬಿ ತೆಗೆದಾಗ ನನ್ನ ಷಡ್ಡಕ ನೆನಪಾದ. ನೆನಪಾದ ಅನ್ನುವುದೂ ಸುಳ್ಳು... ಮರೆತಿದ್ದರೆ ತಾನೆ ನೆನಪಾಗುವುದು.

ಷಡ್ಡಕ ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಹಗರೆಯವನು. ಇಬ್ಬರದೂ ಒಂದೇ ಕಸುಬು. ನನ್ನದು ಅರಸೀಕೆರೆಯಲ್ಲಿ ಫ್ರಿಜ್ಜು, ಏಸಿ ರಿಪೇರಿಯ ಅಂಗಡಿ. ಅವನದು ಬೇಲೂರಿನಲ್ಲಿ. ಹುಳಿಕೆರೆಯ ನಮ್ಮ ಮಾವ ಅದೇನು ಲೆಕ್ಕ ಹಾಕಿ ಒಂದೇ ಕಸುಬಿನ ಇಬ್ಬರು ಅಳಿಯಂದಿರನ್ನು ತಂದರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮಾವನ ಮನೆಯ ಫ್ರಿಜ್ಜನ್ನು ನಾನು ಬಿಚ್ಚಿ, ಗ್ಯಾಸು ತುಂಬಿ, ಮತ್ತೆ ಬಾಳುವ ಹಾಗೆ ಮಾಡಿಕೊಟ್ಟಿದ್ದೆ. ಆ ಬಗ್ಗೆ ಯಾರೂ ಒಂದು ಮಾತಾಡಲಿಲ್ಲ. ಅವನು ಯಾವುದೋ ಹಬ್ಬಕ್ಕೆ ಬಂದವನು ದೇವರ ಕೋಣೆಯ ಬಲ್ಬು ಬದಲಾಯಿಸಿದ್ದು ಮಾತ್ರ ಊರಿಗೆಲ್ಲ ಗೊತ್ತಾಯಿತು. ಅವನು ನಕ್ಕರೆ ಸುತ್ತ ಕೂತವರೆಲ್ಲ ನಗುತ್ತಿದ್ದರು. ನಾನು ನಕ್ಕರೆ ಯಾಕೆ ನಕ್ಕೆ ಅಂತ ಕೇಳುತ್ತಿದ್ದರು. ಹೊಟ್ಟೆಕಿಚ್ಚು ಪಡಬಾರದು ಅಂತ ನನ್ನ ಹೆಂಡತಿ ಹೇಳುತ್ತಿದ್ದಳು. ಹೇಳುವುದು ಸುಲಭ.

ಎರಡು ಸಾವಿರದ ಇಸವಿ ಕಳೆದ ಮೊದಮೊದಲ ವರ್ಷಗಳು ಅವು. ಕೊಬ್ಬರಿ ವ್ಯಾಪಾರದವರೊಬ್ಬರು ಅರಸೀಕೆರೆಯಲ್ಲಿ ಕಟ್ಟಿಸಿದ ಕಲ್ಯಾಣ ಮಂಟಪಕ್ಕೆ ಡಕ್ಟ್ ಏಸಿ ಹಾಕಿಸಿದ್ದರು. ಮಷೀನು ಫಾಲ್ಸ್ ಸೀಲಿಂಗಿನ ಮೇಲೆ ಅಡಗಿ ಕೂತಿರುತ್ತದೆ, ಅಲ್ಲಿಂದ ತಗಡಿನ ಕೊಳವೆಗಳಲ್ಲಿ ತಂಪು ಗಾಳಿ ಹಾಲಿಗೆಲ್ಲ ಬರುತ್ತದೆ. ನಮ್ಮ ಕಡೆ ಅದೇ ಮೊದಲು. ಮಾವನ ಕೊನೆಯ ಮಗಳ ಮದುವೆ ಅಲ್ಲೇ ಆಯಿತು. ಬೆಳಿಗ್ಗೆ ಧಾರೆ, ಹಿಂದಿನ ಸಂಜೆ ಆರತಕ್ಷತೆ. ಆರತಕ್ಷತೆಗೆ ಜನ ಸೇರಿ, ಏಸಿ ಹಾಕಿ, ವಾಲಗ ಶುರುವಾಗುವ ಹೊತ್ತಿಗೆ ಧಾರೆಮಂಟಪದ ಮೇಲಿನ ಸೀಲಿಂಗಿನಿಂದ ನೀರು ತೊಟ್ಟಿಕ್ಕತೊಡಗಿತು. ಮೊದಲು ಹನಿ, ಆಮೇಲೆ ಎಳೆ. ಮುಂದಿನ ಸಾಲಿನ ಅಜ್ಜಿಯೊಬ್ಬರು, "ಧಾರೆ ನಾಳೆ ಅಲ್ವೇನ್ರೋ, ಈಗ್ಲೇ ಬಿಡ್ತಾವ್ರಲ್ಲ" ಅಂದರು. ಗಂಡಿನ ಕಡೆಯವರು ನಗಲಿಲ್ಲ.

ಮಾವ ಗಾಬರಿಯಾಗಿ ಸುತ್ತ ನೋಡಿದರು. ನಾನು ಅವರ ಎದುರಿಗೇ ನಿಂತಿದ್ದೆ. ಅದು ನನ್ನ ಊರು, ನನ್ನ ಅಂಗಡಿ ಹತ್ತು ನಿಮಿಷದ ದಾರಿಯಲ್ಲಿತ್ತು. ಮಾವನ ಕಣ್ಣು ನನ್ನ ಹೆಗಲ ಮೇಲಿಂದ ದಾಟಿ ಹೋಯಿತು. "ಹಗರೆ ಅಳಿಯಂದ್ರು ಎಲ್ಲವ್ರೆ? ಬೇಗ ಕರೀರಿ" ಅಂದರು. ಆ ಮಾತು ನಾಟಿದ ಜಾಗ ಇನ್ನೂ ಇದೆ.

ಅವನು ಪಂಚೆ ಮೇಲೆ ಕಟ್ಟಿ ಏಣಿ ಹತ್ತಿದ. ಮಷೀನಿನ ಕೆಳಗೆ ಒಂದು ತಟ್ಟೆ ಇರುತ್ತದೆ, ಗಾಳಿಯ ಪಸೆ ನೀರಾಗಿ ಅದಕ್ಕೆ ಇಳಿದು ಪೈಪಿನಲ್ಲಿ ಹೊರಗೆ ಹೋಗಬೇಕು. ಏಸಿ ನಿಲ್ಲಿಸಿ, ತಟ್ಟೆಯ ಲೋಳೆ ಬಳಿದು, ಪೈಪಿಗೆ ಬಾಯಿಟ್ಟು ಊದಿದ. ನೀರು ಹೋಯಿತು. ಎಲ್ಲರೂ ಭೇಷ್ ಅಂದರು. ಮತ್ತೆ ಏಸಿ ಹಾಕಿದ ಸ್ವಲ್ಪ ಹೊತ್ತಿಗೇ ನೀರು ಮತ್ತೆ ಇಳಿಯಿತು. ನಾನು ಕಾಫಿ ಕುಡಿಯುತ್ತಾ ನೋಡುತ್ತಿದ್ದೆ. ಅಷ್ಟು ರುಚಿಯಾದ ಕಾಫಿಯನ್ನು ನಾನು ಯಾವ ಮದುವೆಯಲ್ಲೂ ಕುಡಿದಿಲ್ಲ.

ಆದರೂ ಕೂರಲಾಗಲಿಲ್ಲ. ಹೊರಗೆ ಹೋಗಿ ಗೋಡೆಯಿಂದ ಪೈಪು ಈಚೆ ಬರುವ ಮೂಲೆಯಲ್ಲಿ ನಿಂತೆ. ಒಳಗೆ ಏಸಿ ನಿಲ್ಲಿಸಿದಾಗ ನೀರು ದಬದಬ ಸುರಿಯುತ್ತಿತ್ತು. ಹಾಕಿದ ಕೂಡಲೇ ಒಂದು ತೊಟ್ಟೂ ಬರುತ್ತಿರಲಿಲ್ಲ. ಅಷ್ಟು ಸಾಕಾಯಿತು. ಆ ಪೈಪಿನ ತುದಿಯಲ್ಲಿ ಸೊಟ್ಟಗೆ ಬಗ್ಗಿಸಿದ ಒಂದು ಬೆಂಡು ಇರಬೇಕು. ಅದರೊಳಗೆ ನಿಂತ ನೀರೇ ಬಿರಟೆಯ ಹಾಗೆ ಗಾಳಿಯನ್ನು ತಡೆಯುತ್ತದೆ. ಅದಿಲ್ಲದಿದ್ದರೆ ಮಷೀನಿನ ಫ್ಯಾನು ಪೈಪಿನಿಂದಲೇ ಗಾಳಿ ಎಳೆದುಕೊಂಡು, ತಟ್ಟೆಯ ನೀರನ್ನು ಇಳಿಯಲು ಬಿಡುವುದಿಲ್ಲ. ನೋಡಿದರೆ ಬೆಂಡು ಇರಲೇ ಇಲ್ಲ. ಅದಿರಬೇಕಾದ ಜಾಗದಲ್ಲಿ ಅರಿಶಿನ ಕುಂಕುಮ ಹಚ್ಚಿಕೊಂಡು ಮದುವೆ ಚಪ್ಪರದ ಹಾಲುಗಂಬ ನಿಂತಿತ್ತು.

ಕಲ್ಯಾಣ ಮಂಟಪವಾದರೇನು, ಹಸಿರು ಚಪ್ಪರ ಹಾಕಬೇಕು, ಈಶಾನ್ಯಕ್ಕೇ ಹಾಲುಗಂಬ ನೆಡಬೇಕು ಎಂದು ಮಾವ ಹಟ ಹಿಡಿದಿದ್ದರು. ಕಂಬ ನೆಡುವವರು ಹುಡುಗಿಯ ಸೋದರಮಾವ. ಬೆಂಡು ಕಂಬಕ್ಕೆ ಅಡ್ಡ ಬಂದಿತ್ತು. ಕಂಬವನ್ನು ಸರಿಸುವಂತಿಲ್ಲವಲ್ಲ, ಗರಗಸ ತಂದು ಬೆಂಡನ್ನೇ ಕುಯ್ದು ಎಸೆದಿದ್ದರು. ನಾನು ಕೇಳಿದ್ದಕ್ಕೆ ಆ ಸೋದರಮಾವ, "ನೀರು ಹೋಗಕ್ಕೆ ಸೊಟ್ಟ ಪೈಪ್ ಯಾಕ್ ಬೇಕು? ಈಗ ನೆಟ್ಟಗೈತೆ" ಅಂದರು.

ನಾನು ಮೊಪೆಡ್ಡು ಹತ್ತಿ ಅಂಗಡಿಗೆ ಹೋದೆ. ಬೆಂಡು, ಪೈಪಿನ ತುಂಡು, ಸಲ್ಯೂಷನ್ ಡಬ್ಬಿ ತೆಗೆದುಕೊಂಡೆ. ದಾರಿಯುದ್ದಕ್ಕೂ ಮಾವನಿಗೆ ಏನು ಹೇಳಬೇಕು, ಎಷ್ಟು ಸಣ್ಣ ದನಿಯಲ್ಲಿ ಹೇಳಬೇಕು ಅಂತ ಅಭ್ಯಾಸ ಮಾಡಿದೆ. ತಡವಾಗಬಾರದು ಅಂತ ಗೇಟಿನ ಹತ್ತಿರವೇ ಡಬ್ಬಿಯ ಮುಚ್ಚಳ ತಿರುಗಿಸಿದೆ.

ಮೂಲೆಯಲ್ಲಿ ಅವನು ಕೂತಿದ್ದ. ಗಿಡಕ್ಕೆ ನೀರು ಬಿಡುವ ರಬ್ಬರ್ ಪೈಪನ್ನು ತುಂಡು ಮಾಡಿ ಗೋಡೆಯ ಪೈಪಿಗೆ ಸಿಕ್ಕಿಸಿ, ಕೆಳಕ್ಕೆ ಬಗ್ಗಿಸಿ ಮೇಲಕ್ಕೆತ್ತಿ, ಬಾಳೆಪಟ್ಟೆಯಿಂದ ಹಾಲುಗಂಬಕ್ಕೇ ಕಟ್ಟಿದ್ದ. ಚೊಂಬಿನಿಂದ ಅದಕ್ಕೆ ನೀರು ತುಂಬಿ, "ಈಗ ಹಾಕ್ರಿ" ಅಂದ. ಏಸಿ ಶುರುವಾಯಿತು. ರಬ್ಬರ್ ಪೈಪಿನ ಬಾಯಿಂದ ನೀರು ಸಣ್ಣಗೆ, ಸಮನಾಗಿ ಹರಿಯಿತು. ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಸಲ್ಯೂಷನ್ ವಾಸನೆಗೆ ಅವನು ತಿರುಗಿ ನನ್ನ ಕೈಲಿದ್ದ ಬೆಂಡು ನೋಡಿದ. ಮುಖ ಅರಳಿತು. "ಅಣ್ಣ, ನಿನಗೂ ಹೊಳೀತಾ?" ಅಂದ. ಅವನಿಗೆ ನಿಜವಾಗಿ ಖುಷಿಯಾಗಿತ್ತು. ನನಗೆ ಅವನನ್ನು ಆ ಕಂಬಕ್ಕೇ ಕಟ್ಟಬೇಕೆನ್ನಿಸಿತು.

ಒಳಗೆ ಹೋಗಿ ಎಲ್ಲರೆದುರು ಅವನು, "ಮಾವ, ಇದನ್ನ ಮೊದ್ಲು ಕಂಡುಹಿಡ್ದಿದ್ದು ಅಣ್ಣ. ಬೆಂಡ್ ತರಕ್ಕೆ ಅಂಗಡಿಗೋಗಿತ್ತು" ಅಂದ. ನನ್ನ ಎದೆ ಒಂದು ಸಲ ಉಬ್ಬಿತು. ಮಾವ ನನ್ನ ಕಡೆ ನೋಡಲೂ ಇಲ್ಲ. ಅವನ ಬೆನ್ನು ತಟ್ಟಿ, "ನಿಂದು ದೊಡ್ಡ ಗುಣ ಕಣಪ್ಪ. ಮಾಡಿದ್ದು ನೀನು, ಹೆಸರು ಅವನಿಗೆ ಕೊಡ್ತೀಯ" ಅಂದರು. ಅವನು ಇಲ್ಲ ಇಲ್ಲ ಅಂದಷ್ಟೂ ಅವನ ಗುಣ ದೊಡ್ಡದಾಗುತ್ತಾ ಹೋಯಿತು. ಮರುದಿನ ಧಾರೆ ಚೆನ್ನಾಗಿ ನಡೆಯಿತು. ನನಗೆ ಊಟ ಸೇರಲಿಲ್ಲ.

ಕೆಲವು ವರ್ಷಕ್ಕೆ ಅವನು ಕಾಮಾಲೆ ಬಂದು ತೀರಿಕೊಂಡ. ಇನ್ನೂ ಹೋಗುವ ವಯಸ್ಸಲ್ಲ... ಹಗರೆಯಲ್ಲಿ ಮಣ್ಣಿಗೆ ಸೇರಿದ್ದ ಜನ ನೋಡಿ, ನನ್ನ ಸಾವಿಗೆ ಇದರಲ್ಲಿ ಕಾಲು ಭಾಗವೂ ಬರುವುದಿಲ್ಲ ಅನ್ನಿಸಿತು. ಅಳುತ್ತಲೇ ಹೊಟ್ಟೆ ಉರಿದುಕೊಂಡೆ.

ಮೊನ್ನೆ ಆ ಮಂಟಪದ ಪೈಪು ಸರಿ ಮಾಡಿ ಮನೆಗೆ ಬಂದೆ. ಕಣ್ಣಿನ ಆಪರೇಷನ್ನಿಗೆಂದು ಬಂದು ನಮ್ಮಲ್ಲೇ ಇರುವ ಮಾವ ಎಲ್ಲಿಗೆ ಹೋಗಿದ್ದೆ ಅಂತ ಕೇಳಿದರು. ಹೇಳಿದೆ. ಅವರು, "ಅವತ್ತು ಹಗರೆಯವನು ನಿನ್ನ ಹೆಸರು ಹೇಳಿದ್ನಲ್ಲ... ಎಂಥಾ ಮನ್ಸ" ಅಂದರು.

ಎಂದಿನಂತೆ ಹೊಟ್ಟೆ ಉರಿಯಿತು. ನನಗೂ ಹೊಳೆದಿತ್ತು ಮಾವ ಅಂತ ಇಷ್ಟು ವರ್ಷದ ಮೇಲೆ ಬಾಯಿ ಬಿಟ್ಟು ಹೇಳಿಯೇಬಿಟ್ಟೆ. ಅವರು ಕಣ್ಣಿನ ಪಟ್ಟಿ ಸರಿಮಾಡಿಕೊಳ್ಳುತ್ತಾ, "ಆಯ್ತು ಬಿಡಪ್ಪ" ಅಂದರು, ಮಕ್ಕಳಿಗೆ ಹೇಳುವ ಹಾಗೆ. ನಾನು ಬಚ್ಚಲಿಗೆ ಹೋಗಿ ಕೈ ತೊಳೆದೆ, ಸಲ್ಯೂಷನ್ ವಾಸನೆ ಹೋಗಲಿಲ್ಲ. ನನಗೂ ಹೊಳೆದಿತ್ತು ಅಂತ ನಂಬಿದ್ದವನು ಇಡೀ ಲೋಕದಲ್ಲಿ ಅವನೊಬ್ಬನೇ ಇದ್ದ.