ತುಳಸಮ್ಮನವರ ಶೇಕಡಾ ನಲವತ್ತು

ಗಾಂಧಿಬಜಾರಿನ ಹಿಂದಿನ ಬೀದಿಯ ತುಳಸಮ್ಮನವರದು ಜೋರು ಬಾಯಿಯೇನಲ್ಲ, ಜೋರಾಗಿದ್ದದ್ದು ಹಟ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ಅವರು ಮದುವೆಮನೆಯ ಪಾಯಸ ಬಾಯಿಗಿಟ್ಟರೂ ಹಾಲಿಗೆ ನೀರೆಷ್ಟು ಬೆರೆಸಿದ್ದಾರೆ ಎಂದು ಯೋಚಿಸುತ್ತಿದ್ದರು.

ತೊಂಬತ್ತಾರನೇ ಇಸವಿಯಲ್ಲಿ ಅವರು ಪೇಟೆಯ ಹತ್ತಾರು ಅಂಗಡಿಗಳಿಂದ ಕಾಫಿಪುಡಿ ತಂದು ಕುದಿಸಿದರು, ಸೋಸಿದರು, ನೀರಿಗಿಳಿದ ಸಾರವನ್ನು ಒಣಗಿಸಿ ತೂಗಿದರು. ಚಿಕೋರಿ ಬೆರೆಸಿದಷ್ಟೂ ಆ ಸಾರದ ತೂಕ ಹೆಚ್ಚು. ಒಂದು ಪುಟ್ಟ ವಿಜ್ಞಾನ ಪತ್ರಿಕೆಯಲ್ಲಿ ಲೇಖನ ಬಂತು. ‘ಚಿಕೋರಿ ಇಲ್ಲದ ಶುದ್ಧ ಕಾಫಿ’ ಎಂದು ಬೋರ್ಡು ಹಾಕಿಕೊಂಡಿದ್ದ ಚಾಮರಾಜಪೇಟೆಯ ರೇವಣಸಿದ್ದಯ್ಯನವರ ಪುಡಿಯಲ್ಲಿ ಚಿಕೋರಿ ಶೇಕಡಾ ನಲವತ್ತು ಎಂಬುದು ಅದರ ಒಂದು ಸಾಲು. ಆ ಪತ್ರಿಕೆ ಓದುವವರೇ ಬೆರಳೆಣಿಕೆ, ಆದರೂ ಅದು ಹೋಗಿ ಹೋಗಿ ರೇವಣಸಿದ್ದಯ್ಯನವರ ಕೈಗೇ ಸಿಕ್ಕಿತು. ಕ್ಷಮೆ ಕೇಳಿ, ಇಲ್ಲವೇ ಮಾನನಷ್ಟದ ಮೊಕದ್ದಮೆ ಎದುರಿಸಿ ಎಂದು ವಕೀಲರ ನೋಟಿಸು ಬಂತು.

ಕ್ಷಮೆ ಕೇಳದಿದ್ದರೆ ಕೆಲಸಕ್ಕೇ ಕುತ್ತು ಎಂದು ಕಾಲೇಜಿನವರೂ ಹೆದರಿಸಿದರು. ಗಂಡ ಬದರೀನಾರಾಯಣ ಪಾಪ, ಕೋರ್ಟು ಎಂದರೆ ಕೈಕಾಲು ಬಿಡುವವರು.

“ತಪ್ಪಾಯ್ತು ಅಂದ್ಬಿಡೇ. ನಿನ್ನ ಗಂಟೇನ್ ಹೋಗತ್ತೆ?”

“ತಪ್ಪಿದ್ರೆ ಸರಿಯಾದ್ದು ಎಷ್ಟು ಅಂತ ತೋರಿಸ್ಲಿ, ಅದನ್ನೇ ಹಾಕಿಸ್ತೀನಿ. ಹೆದರ್ಸಿದ್ರು ಅಂತ ನಲವತ್ತು ಹೋಗಿ ಸೊನ್ನೆ ಆಗತ್ತೇನ್ರೀ?”

ಹಾಗೆಂದರೂ ಒಳಗೊಳಗೇ ಅವರಿಗೆ ಪುಕಪುಕ. ಕೆಲಸ ಹೋದರೆ ಪ್ರಯೋಗಶಾಲೆಯೂ ಹೋದಂತೆ, ಅದಿಲ್ಲದೆ ಬದುಕುವುದು ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಕೋರ್ಟಿನಲ್ಲಿ ನ್ಯಾಯಾಧೀಶರು ರೇವಣಸಿದ್ದಯ್ಯನವರನ್ನು ಕೇಳಿದರು: “ಇವರು ಬರೆದಿರೋದರಲ್ಲಿ ಸುಳ್ಳು ಯಾವುದು?”

ಅಜ್ಜನ ಕಾಲದ ಹದವನ್ನು ಕಾಪಾಡಿಕೊಂಡು ಬಂದ ಮನುಷ್ಯ. ತಿಂಗಳುಗಟ್ಟಲೆ ನುಂಗಿಕೊಂಡಿದ್ದ ಅವಮಾನ ಉಕ್ಕಿ ಬಂತು.

“ನಲವತ್ತಂತೆ, ಸ್ವಾಮಿ! ನಲವತ್ತು ಹಾಕಿದ್ರೆ ಅದನ್ನ ಕಾಫಿ ಅಂತಾರಾ? ಕಷಾಯ ಅಂತಾರೆ! ನಮ್ಮಂಗ್ಡೀಲಿ ಯಾವತ್ತೂ ಮೂವತ್ತೈದು ದಾಟಿಲ್ಲ!”

ಅವರ ವಕೀಲರು ತೋಳು ಹಿಡಿದು ಎಳೆಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ನ್ಯಾಯಾಧೀಶರು ನಗು ತಡೆಯಲಾರದೆ ಕೆಮ್ಮಿದರು. ಮೊಕದ್ದಮೆ ವಜಾ ಆಯಿತು, ಕಾಲೇಜಿನವರೂ ತೆಪ್ಪಗಾದರು.

ಬದರೀನಾರಾಯಣ ಮೈಸೂರುಪಾಕು ತಂದರು. ತುಳಸಮ್ಮ ಮಾತ್ರ ಮುಖ ಗಂಟಿಕ್ಕಿಕೊಂಡೇ ಇದ್ದರು: ಐದರ ವ್ಯತ್ಯಾಸ ಬಂದದ್ದು ಹೇಗೆ? ಮಾರನೆಯ ದಿನ ಅದೇ ಅಂಗಡಿಯ ಪುಡಿ ತಂದು ಮತ್ತೆ ಕುದಿಸಿದರು. ಮೂವತ್ತಾರು ಬಂತು. ಹಳೆಯ ಟಿಪ್ಪಣಿ ತೆಗೆದು ನೋಡಿದರೆ, ಮೊದಲ ಸಲ ಸಾರ ಪೂರ್ತಿ ಒಣಗುವ ಮುಂಚೆಯೇ ತೂಗಿಬಿಟ್ಟಿದ್ದರು. ನಲವತ್ತು ಎಂದು ಬರೆದದ್ದು ತಮ್ಮದೇ ತಪ್ಪು, ಮೂವತ್ತಾರು ಎಂದು ಓದಿಕೊಳ್ಳಿ ಎಂದು ಪತ್ರಿಕೆಯಲ್ಲಿ ಹಾಕಿಸಿದರು.

ಬದರೀನಾರಾಯಣ ತಲೆ ಚಚ್ಚಿಕೊಂಡರು. “ಅಲ್ವೇ, ಈ ಮಾತು ಆಗ್ಲೇ ಅಂದಿದ್ರೆ ಕೋರ್ಟ್ ಮೆಟ್ಟಿಲು ಹತ್ತೋದೇ ತಪ್ತಿತ್ತಲ್ಲ!”

“ಆಗ ತಪ್ಪು ಅಂತ ಹೇಳಿದ್ದು ವಕೀಲರು,” ಎಂದರು ತುಳಸಮ್ಮ. “ಈಗ ಹೇಳಿದ್ದು ತಕ್ಕಡಿ.”