ಹೆಂಡತಿಯ ಎಡ ಮೊಣಕೈ

ಸೋಮವಾರ, ಬೆಳಿಗ್ಗೆ ಒಂಬತ್ತೂವರೆ, ಜತ್ತದ ಸ್ಕ್ಯಾನ್ ಸೆಂಟರ್. ಹಾಜರಿದ್ದವರು ನಾನು, ನನ್ನ ಹೆಂಡತಿ, ಮತ್ತು ಫೋನಿನಿಂದ ಕಣ್ಣೆತ್ತದ ಟೆಕ್ನಿಷಿಯನ್. ಒಂಬತ್ತಕ್ಕೆ ಬರಹೇಳಿದವನು ಅವನೇ.

ಸರಕಾರಿ ದವಾಖಾನೆಯಲ್ಲಿ ನಾನು ಮೂವತ್ತು ವರ್ಷ ಇದೇ ಕೆಲಸ ಮಾಡಿದವನು. ಮೊದಲು ಎಕ್ಸ್‌ರೇ, ಕೊನೆಗೆ ಎಂಆರ್‌ಐ. ಎಲ್ಲಿ ನೋವು ಎಂದು ರೋಗಿಯನ್ನು ಕೇಳದೆ ಗುಂಡಿ ಒತ್ತುವವನನ್ನು ನಾನು ಕೆಲಸಗಾರನೆಂದು ಎಣಿಸುವುದಿಲ್ಲ.

ಹತ್ತು ದಿನದ ಹಿಂದೆ ಬಾಲಗಾಂವದ ಮನೆಯಲ್ಲಿ ಜೋಳದ ಚೀಲ ಎತ್ತುವಾಗ ಇವಳ ಮೊಣಕೈಯಲ್ಲಿ ಟಪ್ ಎಂದಿತ್ತು. ಅಂದಿನಿಂದ ಅಂಗೈ ಮೇಲಕ್ಕೆ ತಿರುಗಿಸಲು ಬಲವಿಲ್ಲ. ಪೂಜೆಗೆ ಕುಳಿತರೆ ಇಷ್ಟಲಿಂಗ ಹಿಡಿದ ಎಡಗೈ ಎರಡೇ ನಿಮಿಷಕ್ಕೆ ವಾಲುತ್ತದೆ. ತೋಳಿನ ಮುಂಭಾಗದ ಸ್ನಾಯುವನ್ನು ಮುಂಗೈ ಎಲುಬಿಗೆ ಬಿಗಿಯುವ ಹಗ್ಗದಂಥ ರಜ್ಜು ಕಿತ್ತಿದೆ ಎಂದು ನನ್ನ ಅನುಮಾನ. ಅದು ಗಂಡಸರಿಗೆ ಆಗುವ ಪೆಟ್ಟು ಎಂದು ಊರ ಡಾಕ್ಟರು ನಕ್ಕು ಎಣ್ಣೆ ಬರೆದುಕೊಟ್ಟರು. ಪೂರ್ತಿ ಕಿತ್ತಿದ್ದರೆ ಬೇಗ ಹೊಲಿಯಬೇಕು. ತಡವಾದರೆ ಅದು ಮೇಲೆ ಸರಿದು ಕುಗ್ಗಿಬಿಡುತ್ತದೆ. ಅದಕ್ಕೇ ಎಂಆರ್‌ಐ ಮಾಡಿಸಲು ಇಲ್ಲಿಗೆ ಕರೆತಂದಿದ್ದೆ.

ಟೆಕ್ನಿಷಿಯನ್ ಅವಳನ್ನು ಅಂಗಾತ ಮಲಗಿಸಿ, ಕೈ ಪಕ್ಕಕ್ಕಿಟ್ಟು, ಇಪ್ಪತ್ತು ನಿಮಿಷದಲ್ಲಿ ಮುಗಿಯಿತೆಂದ. ಪರದೆ ನೋಡಿದೆ. ಎಲುಬು, ಕೀಲು ಚೆನ್ನಾಗಿದ್ದವು. ರಜ್ಜು ಮಾತ್ರ ತುಂಡುತುಂಡಾಗಿ ಬಂದಿತ್ತು, ಅದರ ತುದಿ ಎಲ್ಲಿಯೂ ಸ್ಪಷ್ಟವಿಲ್ಲ. ಬೋರಲು ಮಲಗಿಸಿ, ಕೈ ತಲೆಯ ಮೇಲಕ್ಕೆ ಚಾಚಿಸಿ, ಮೊಣಕೈ ಲಂಬಕೋನಕ್ಕೆ ಮಡಿಸಿ, ಹೆಬ್ಬೆರಳು ಮೇಲೆ ಮಾಡಿಸು, ಆಗ ರಜ್ಜು ಉದ್ದಕ್ಕೂ ಒಂದೇ ಚಿತ್ರದಲ್ಲಿ ಬರುತ್ತದೆ ಎಂದೆ.

"ಕಾಕಾ, ನಿಮ್ಮ ಕಾಲದ ಮಾತು ಬಿಡ್ರಿ. ಈಗ ಎಲ್ಲಾ ಮಷಿನ್ನ ನೋಡ್ಕೋತದ."

ಅವನ ಬೆನ್ನ ಹಿಂದಿನ ಗೋಡೆಗೆ ಅವನದೇ ಸೆಂಟರಿನ ಸೂಚನೆಗಳ ಹಾಳೆ ಅಂಟಿಸಿತ್ತು. ಕೊನೆಯ ಸಾಲಿನಲ್ಲಿ ಇದೇ ಭಂಗಿ ಬರೆದಿತ್ತು. ಓದಿಸಿದೆ. ಆ ಹಾಳೆಯನ್ನು ಮೊದಲ ಸಲ ಕಂಡವನಂತೆ ಓದಿದ. ನಾನು ಇನ್ನೂ ಹೇಳುವವನಿದ್ದೆ.

"ಜಗಳ ಆಮ್ಯಾಲ ಮಾಡ್ರಿ," ಎಂದಳು ಹೆಂಡತಿ. "ಮೊದಲ ನನ್ನ ಮಲಗಸ್ರಿ."

ನಾನೇ ಮಲಗಿಸಿ, ಕೈಗೆ ದಿಂಬು ಕೊಟ್ಟೆ. ಆರು ನಿಮಿಷ ಅವಳು ಅಲುಗಲಿಲ್ಲ. ಪರದೆಯ ಮೇಲೆ ರಜ್ಜುವಿನ ಕಪ್ಪು ಪಟ್ಟಿ ಎಲುಬು ಮುಟ್ಟುವ ಮೊದಲೇ ನಿಂತಿತ್ತು. ನಡುವೆ ಬಿಳಿಯ ನೀರು. ಪೂರ್ತಿ ಕಿತ್ತಿತ್ತು.

"ಇದೇನ್ರಿ ಕಾಕಾ, ಬೆಳ್ಳಗ?" ಎಂದು ಟೆಕ್ನಿಷಿಯನ್ ಕೇಳಿದ. ಸಂಬಳ ತಿನ್ನುವವನು ಅವನು, ಪಾಠ ಹೇಳುವವನು ನಾನು.

ಮಿರಜದ ಸರ್ಜನ್ ಚಿತ್ರ ನೋಡಿ ಬುಧವಾರ ಬೆಳಿಗ್ಗೆಗೆ ಆಪರೇಶನ್ ಗೊತ್ತು ಮಾಡಿದರು. ಎಡಗೈಯಲ್ಲಿ ಏನೂ ಇರಬಾರದಂತೆ. ನರ್ಸ್ ಬಳೆ ಒಡೆಯುವುದು ಇವಳಿಗೆ ಬೇಡ.

"ನೀವ ತೆಗೀರಿ," ಎಂದು ಕೈ ಚಾಚಿದಳು.

ಸಾಬೂನು ಹಚ್ಚಿ, ಒಂದೊಂದಾಗಿ ಐದು ಹಸಿರು ಬಳೆ ಇಳಿಸಿ ಬಲಗೈಗೆ ಏರಿಸಿದೆ. ಒಂದೂ ಒಡೆಯಲಿಲ್ಲ. ಆಗ ಮಂಗಳವಾರ ಸಂಜೆ ಐದೂವರೆ.