ದಬ್ಬಣ ಚುಚ್ಚಿದ ತೂತು

ಬಳ್ಳಾರಿಯಲ್ಲಿ ನಮ್ಮ ಮನೆಯ ಕೆಳಗೆ ಮೊಬೈಲ್ ರಿಪೇರಿ ಅಂಗಡಿಯಿದೆ. ಬೆಳಿಗ್ಗೆ ನಾನು ವಾಕಿಂಗ್ ಮುಗಿಸಿ ಬರುವ ಹೊತ್ತಿಗೆ ಅಲ್ಲಿ ಬೆಸುಗೆ ಹಾಕುತ್ತಿರುತ್ತಾರೆ. ಕಾದ ರಾಳದ ಆ ವಾಸನೆ, ಸ್ವಲ್ಪ ಕಹಿ, ಸ್ವಲ್ಪ ಲೋಬಾನದಂಥದು, ಮೂಗಿಗೆ ಬಿದ್ದರೆ ಸಾಕು, ಸಿರುಗುಪ್ಪದ ನಮ್ಮ ಹಳೆಯ ಮನೆಯ ಕಟ್ಟೆ ಕಣ್ಣ ಮುಂದೆ ಬರುತ್ತದೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದು ಕರೆದೊಯ್ಯುವ ಮನೆ ಮಾತ್ರ ಈಗ ಇರಲಿಕ್ಕಿಲ್ಲ.

ಆ ಕಟ್ಟೆಯೇ ಅಪ್ಪನ ಅಂಗಡಿ. ಲಾರಿ, ಟ್ರ್ಯಾಕ್ಟರುಗಳ ವೈರಿಂಗ್ ಅವನ ಕೆಲಸ. ಕಟ್ಟೆ ಗುಡಿಸಿ ನೀರು ಚಿಮುಕಿಸಿದ ಮೇಲೆಯೇ ಸಾಮಾನು ಹೊರಗೆ ಬರಬೇಕು; ಸಂಜೆ ಪ್ರತಿಯೊಂದೂ ತನ್ನ ಮೊಳೆಗೆ ಮರಳಬೇಕು. ಕರೆಂಟು ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಆಗ ಟೆಸ್ಟ್ ಲ್ಯಾಂಪ್ ಇರುತ್ತಿತ್ತು: ಒಂದು ಸಣ್ಣ ಬಲ್ಬು, ಎರಡು ತುಂಡು ವೈರು. ಅದರ ಮೊಂಡು ತುದಿ ತಾಗಬೇಕಾದರೆ ಗಾಡಿಯ ವೈರನ್ನು ಕತ್ತರಿಸಿ, ನೋಡಿ, ಮತ್ತೆ ಜೋಡಿಸಬೇಕು. ಅಪ್ಪನಿಗೆ ಅದು ಸರಿಬರಲಿಲ್ಲ. ರೈಸ್ ಮಿಲ್ಲಿನಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ತಂದು ಒಂದು ವೈರಿನ ತುದಿಗೆ ಬೆಸೆದ. ಹಿಡಿಯಲು ಸೈಕಲ್ ಟ್ಯೂಬ್ ಸುತ್ತಿದ. ಇನ್ನೊಂದು ವೈರನ್ನು ಸೀಟಿನಿಂದ ಬ್ಯಾಟರಿ ಮುಟ್ಟುವಷ್ಟು ಉದ್ದ ಮಾಡಿ ಕ್ಲಿಪ್ ಹಾಕಿದ. ಈಗ ಗಾಡಿಯ ವೈರಿಗೆ ದಬ್ಬಣ ಚುಚ್ಚಿದರೆ ಬಲ್ಬು ಹತ್ತುತ್ತಿತ್ತು. ಕತ್ತರಿಸುವ ಮಾತೇ ಇಲ್ಲ.

ನಾಟಿಯ ಹಂಗಾಮು ಬಂತು. ಕಾಲುವೆ ನೀರು ನಿಂತ ಗದ್ದೆಗಳಲ್ಲಿ ಕೆಸರು ತುಳಿದ ಟ್ರ್ಯಾಕ್ಟರುಗಳು ದೀಪ ಕಳೆದುಕೊಂಡು ಒಂದೊಂದಾಗಿ ವಾಪಸು ಬಂದವು. ಹಚ್ಚೊಳ್ಳಿಯ ಡ್ರೈವರ್ ಬಸಣ್ಣ ಸೀಟಿನಿಂದ ಇಳಿಯಲೇ ಇಲ್ಲ.

"ಮಾವಾ, ನೀ ಚುಚ್ಚಿದಲ್ಲೆಲ್ಲ ನೀರು ಹೊಕ್ಕು ತಾಮ್ರ ಹಸಿರಾಗೈತಿ. ವೈರು ರಿಪೇರಿ ಮಾಡೀಯೋ, ಕಿವಿ ಚುಚ್ಚೋ ಕಾರ್ಯ ಮಾಡೀಯೋ?"

ಕಟ್ಟೆಯ ಮೇಲಿದ್ದವರು ನಕ್ಕರು.

"ಇನ್ನೊಮ್ಮಿ ಹಿಂಗಾತಂದ್ರ ನಮ್ಮೂರ ಗಾಡಿ ಒಂದೂ ನಿನ್ನ ಕಟ್ಟಿಗೆ ಬರಂಗಿಲ್ಲ. ಸೀದಾ ಬಳ್ಳಾರಿಗೆ."

ಅದು ಬರೀ ಬೆದರಿಕೆಯಲ್ಲ. ಕಟ್ಟೆ ಬಿಟ್ಟರೆ ಅಪ್ಪನಿಗೆ ಬೇರೆ ಬದುಕಿರಲಿಲ್ಲ. ತೂತುಗಳಿಗೆ ಟೇಪು ಸುತ್ತಿ ನೋಡಿದ. ಬಿಸಿಲಿಗೆ ಅಂಟು ಬಿಟ್ಟಿತು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದ ಅವ್ವ, ಕುಂಕುಮ ನಿಲ್ಲಲೆಂದು ಹಣೆಗೆ ಹಚ್ಚಿಕೊಳ್ಳುವ ಜೇನುಮೇಣದ ಡಬ್ಬಿ ತಂದು ಅವನ ಮುಂದಿಟ್ಟಳು.

"ಇದನ್ನ ತೂತಿಗೆ ತಿಕ್ಕಿ ನೋಡ್ರಿ. ಬೆವರಿಗೂ ಜಗ್ಗಂಗಿಲ್ಲ ಇದು."

"ನಿನ್ನ ಹಣಿಗೆ?"

"ನನ್ನ ಹಣಿ ಏನ್ ಕೆಸರಾಗ ಓಡಾಡತೈತೇನು? ತೊಗೋರಿ."

ಅಂದಿನಿಂದ ಚುಚ್ಚಿದಲ್ಲೆಲ್ಲ ಮೇಣ, ಮೇಣದ ಮೇಲೆ ಟೇಪು. ಮುಂದಿನ ನಾಟಿ ಮುಗಿದ ಮೇಲೆ ಹಾರ್ನ್ ಕೆಟ್ಟಿದೆಯೆಂದು ಬಸಣ್ಣ ಬಂದ. ಅಪ್ಪ ಹಾರ್ನ್ ಮುಟ್ಟುವ ಮೊದಲು ಹೋದ ಸಲ ಮೇಣ ತಿಕ್ಕಿದ್ದ ತೂತೊಂದನ್ನು ಹುಡುಕಿ, ಟೇಪು ಬಿಚ್ಚಿ, ಮೇಣ ಕೆರೆದು, ವೈರನ್ನು ಸೀಳಿ ನೋಡಿದ. ತಾಮ್ರ ಹೊಸದರಂತೆ ಹೊಳೆಯುತ್ತಿತ್ತು. ಬಸಣ್ಣನೂ ಬಗ್ಗಿ ನೋಡಿದ. ಆಮೇಲೆ ಅಡುಗೆಮನೆಗೆ ಕೇಳುವಂತೆ ಕೂಗಿದ: "ಅತ್ತೀ, ಮಾವನ್ನ ಒಳಗ ಕುಂದರಸು, ಕಟ್ಟಿಗೆ ನೀನ ಬಾ!"

ಅಲ್ಲಿಂದ ಮುಂದೆ ಮನೆಮನೆಗೆ ಮೇಣ ಮಾರುವ ಕುರುಗೋಡಿನಾಕೆ ಬಂದಾಗಲೆಲ್ಲ ಅವ್ವ ಎರಡು ಉಂಡೆ ಕೊಳ್ಳುತ್ತಿದ್ದಳು, ಒಂದು ತನಗೆ, ಒಂದು ಕಟ್ಟೆಗೆ. ಓಣಿಯ ಹೆಂಗಸರೆಲ್ಲ ಕುಂಕುಮ ಬಿಟ್ಟು ಸ್ಟಿಕರಿಗೆ ಬದಲಾದ ಮೇಲೂ ಆಕೆ ನಮ್ಮ ಮನೆಗೆ ಬರುವುದು ತಪ್ಪಲಿಲ್ಲ. ಆ ಮನೆ, ಕಟ್ಟೆ ಇದ್ದ ಜಾಗದಲ್ಲಿ ಈಗ ಗೊಬ್ಬರದ ಅಂಗಡಿಯಿದೆ.

ಅಪ್ಪ ತೀರಿಕೊಂಡ ವರ್ಷ ಮೇಣದಾಕೆ ವಾಡಿಕೆಯಂತೆ ಬಂದು, ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಎರಡು ಉಂಡೆ ತೆಗೆದಿಟ್ಟಳು. ಅವ್ವ ಬಾಗಿಲಿಗೆ ಬಂದಳು. ಅವ್ವನ ಬರಿ ಹಣೆ ನೋಡಿ ಆಕೆ ಎರಡನ್ನೂ ಬುಟ್ಟಿಗೆ ಹಾಕಿಕೊಂಡಳು. ಅವ್ವ ಒಳಗೆ ಹೋಗಿ ಆಕೆಗೊಂದು ಚೊಂಬು ನೀರು ತಂದುಕೊಟ್ಟಳು.